ಅರೋರಾ ನೋಡಲು ಎಲ್ಲಿಗೆ, ಯಾರ ಜೊತೆ? ಟ್ರೊಮ್ಸೊದಿಂದ ಹಾನ್ಲೆವರೆಗೆ ಒಂದು ಹೋಲಿಕೆ

2024ರ ಮೇ 10ರ ರಾತ್ರಿ ಭೂಮಿಗೆ ಬಡಿದ ಸೌರ ಬಿರುಗಾಳಿಯು 2003ರ ಅಕ್ಟೋಬರ್ ನಂತರ ಜಿ-5 ಎಂಬ ಅತ್ಯುನ್ನತ ದರ್ಜೆಯನ್ನು ಮುಟ್ಟಿದ ಮೊದಲನೆಯದು. ಸಾಮಾನ್ಯವಾಗಿ ಆರ್ಕ್ಟಿಕ್ ವೃತ್ತದ ಆಸುಪಾಸಿನಲ್ಲಿ ಮಾತ್ರ ಕಾಣುವ ಅರೋರಾ, ಅಂದರೆ ಧ್ರುವಪ್ರಭೆ, ಅಂದು ಫ್ಲೋರಿಡಾದವರೆಗೂ ಕಾಣಿಸಿತು. ನ್ಯೂಜೆರ್ಸಿ, ಮಿಷಿಗನ್, ಇಂಗ್ಲೆಂಡಿನಲ್ಲಿರುವ ನಮ್ಮವರು ಮನೆಯ ಹಿತ್ತಲಿನಿಂದ ತೆಗೆದ ಗುಲಾಬಿ ಆಕಾಶದ ಫೋಟೊಗಳು ಊರಿನ ವಾಟ್ಸ್ಆಪ್ ಗುಂಪುಗಳಲ್ಲೆಲ್ಲ ಓಡಾಡಿದವು. ಆಗಿನಿಂದ ನನ್ನನ್ನು ಕೇಳುವವರ ಪ್ರಶ್ನೆ ಒಂದೇ: ಅರೋರಾ ನೋಡಬೇಕು, ಎಲ್ಲಿಗೆ ಹೋಗುವುದು?

ನಾನು ತಿರುಗಿ ಕೇಳುವುದು ಇಷ್ಟೇ: ಮೋಡ ಕವಿದ ರಾತ್ರಿ ನೀವು ಏನು ಮಾಡುತ್ತೀರಿ? ಹೊರಡುವ ಮೊದಲೇ ಇದೇನು ಅಪಶಕುನ ಎಂದು ಕೆಲವರು ಮುಖ ಸಿಂಡರಿಸುತ್ತಾರೆ. ಆದರೆ ಉತ್ತರದ ಕರಾವಳಿಯಲ್ಲಿ ಐದು ರಾತ್ರಿಗಳಲ್ಲಿ ಎರಡು ಮೂರು ಮೋಡದ ಪಾಲಾಗುವುದು ಮಾಮೂಲು. ಅದೃಷ್ಟ ಖುಲಾಯಿಸಿದ ರಾತ್ರಿ ಹೇಗಿರುತ್ತದೆ ಎಂಬುದನ್ನು ಎಲ್ಲ ಊರಿನ ಜಾಹೀರಾತೂ ತೋರಿಸುತ್ತದೆ, ಆ ವಿಷಯದಲ್ಲಿ ಊರೂರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದೆಲ್ಲ ಕೈಕೊಟ್ಟ ರಾತ್ರಿಯಲ್ಲಿ. ಹಾಗಾಗಿ ಈ ಹೋಲಿಕೆಯನ್ನು ಆ ಕಡೆಯಿಂದಲೇ ಮಾಡಿದ್ದೇನೆ.

ಆಯ್ಕೆಗಳು ಸ್ಥೂಲವಾಗಿ ನಾಲ್ಕು. ಉತ್ತರ ಯೂರೋಪಿನ ಪ್ರವಾಸಿ ಊರುಗಳು. ಅಲಾಸ್ಕಾ ಮತ್ತು ಕೆನಡಾದ ಒಳನಾಡು. ಹವ್ಯಾಸಿ ಖಗೋಳ ವೀಕ್ಷಕರು ಅಮಾವಾಸ್ಯೆಯ ಸುತ್ತ ನಡೆಸುವ ಸ್ಟಾರ್ ಪಾರ್ಟಿಗಳು. ಮತ್ತು ನಮ್ಮದೇ ದೇಶದ, ಲಡಾಖ್‌ನ ಹಾನ್ಲೆ.

ಮೊದಲು, ಆಯ್ಕೆಗೆ ಬೇಕಾದಷ್ಟು ವಿಜ್ಞಾನ

ಸೌರ ಮಾರುತ ಎಂದು ಕರೆಯುವ, ಸೂರ್ಯನಿಂದ ಹರಿದುಬರುವ ವಿದ್ಯುದಾವೇಶದ ಕಣಗಳು ಭೂಮಿಯ ಕಾಂತಕ್ಷೇತ್ರವನ್ನು ಕೆಣಕುತ್ತವೆ. ಆಗ ಕಾಂತರೇಖೆಗಳ ಗುಂಟ ವೇಗವಾಗಿ ಕೆಳಗಿಳಿಯುವ ಎಲೆಕ್ಟ್ರಾನುಗಳು ಮೇಲಿನ ವಾತಾವರಣದ ಆಮ್ಲಜನಕ, ಸಾರಜನಕಗಳಿಗೆ ಡಿಕ್ಕಿ ಹೊಡೆಯುತ್ತವೆ. ಆ ಪರಮಾಣುಗಳು ಪಡೆದ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತವೆ. 557.7 ನ್ಯಾನೊಮೀಟರಿನ ಹಸಿರು ಹೊಮ್ಮುವುದು ಸುಮಾರು 100ರಿಂದ 150 ಕಿ.ಮೀ. ಎತ್ತರದಲ್ಲಿ. 630 ನ್ಯಾನೊಮೀಟರಿನ ಕೆಂಪೂ ಆಮ್ಲಜನಕದ್ದೇ. ಆದರೆ ಆ ಬೆಳಕನ್ನು ಹೊರಬಿಡಲು ಪರಮಾಣುವಿಗೆ ಹೆಚ್ಚುಕಡಿಮೆ ಎರಡು ನಿಮಿಷ ಬೇಕು. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟು ಹೊತ್ತು ಯಾರೂ ಅದನ್ನು ನೆಮ್ಮದಿಯಾಗಿ ಇರಗೊಡುವುದಿಲ್ಲ, ಬೇರೊಂದು ಕಣ ಬಂದು ಗುದ್ದಿ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ಹೀಗಾಗಿ ಕೆಂಪು ಕಾಣುವುದು 200 ಕಿ.ಮೀ.ಗೂ ಮೇಲೆ ಮಾತ್ರ. ಅಷ್ಟು ಎತ್ತರದ ಬೆಳಕು ಬಹು ದೂರದ ದಿಗಂತದಿಂದಲೂ ತಲೆಯೆತ್ತಿ ಕಾಣುತ್ತದೆ. ದೊಡ್ಡ ಬಿರುಗಾಳಿಯಲ್ಲಿ ದಕ್ಷಿಣದ ಊರುಗಳಿಗೆ ಸಿಗುವ ಅರೋರಾ ಹೆಚ್ಚಾಗಿ ಕೆಂಪಗಿರುವುದಕ್ಕೆ ಇದೇ ಕಾರಣ.

ಎರಡನೆಯದು, ನಕ್ಷೆಯ ಅಕ್ಷಾಂಶವನ್ನು ನಂಬಬೇಡಿ. ಅರೋರಾ ಕಾಣುವ ಪ್ರದೇಶ ಕಾಂತಧ್ರುವದ ಸುತ್ತ ಒಂದು ಉಂಗುರದಂತಿದೆ, ಆ ಉಂಗುರ ಉತ್ತರ ಅಮೆರಿಕದ ಕಡೆಗೆ ವಾಲಿಕೊಂಡಿದೆ. ಕೆನಡಾದ ಯೆಲ್ಲೋನೈಫ್ ಇರುವುದು 62.5 ಡಿಗ್ರಿಯಲ್ಲಿ, ನಾರ್ವೆಯ ಟ್ರೊಮ್ಸೊ 69.6ರಲ್ಲಿ, ಇವೆರಡೂ ಉಂಗುರದ ಅಡಿಯಲ್ಲೇ ಬರುತ್ತವೆ. ಅಂತಹ ಊರುಗಳಲ್ಲಿ ಕೆ-ಪಿ ಸೂಚ್ಯಂಕ (ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಎಂಬುದರ ಸೊನ್ನೆಯಿಂದ ಒಂಬತ್ತರವರೆಗಿನ ಅಳತೆ) ಎರಡೋ ಮೂರೋ ಇದ್ದರೂ ಸಾಕು. ಮೊಬೈಲಿನಲ್ಲಿ ಕೆ-ಪಿ ಏಳು ಬರಲಿ ಎಂದು ಟ್ರೊಮ್ಸೊದ ಹೋಟೆಲಿನಲ್ಲಿ ಕುಳಿತು ಕಾಯುವವರನ್ನು ಕಂಡರೆ ನಗು ಬರುತ್ತದೆ. ಕೆ-ಪಿ ಏಳಾದರೆ ಉಂಗುರ ಅವರನ್ನು ದಾಟಿ ದಕ್ಷಿಣಕ್ಕೆ ಹಿಗ್ಗಿರುತ್ತದೆ, ಹಬ್ಬ ಬೇರೆ ಊರಿನವರದು.

ಮೂರನೆಯದು ಯಾವ ಜಾಹೀರಾತೂ ಹೇಳದ ಮಾತು. ಮಂದವಾದ ಅರೋರಾ ಕಣ್ಣಿಗೆ ಹಸಿರಾಗಿ ಕಾಣುವುದಿಲ್ಲ. ಬೆಳದಿಂಗಳಲ್ಲಿ ಕೆಂಪು ಸೀರೆಯೂ ಬೂದು ಬಣ್ಣಕ್ಕೆ ತಿರುಗುವಂತೆ, ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಅದು ಬೆಳ್ಳಗಿನ ಒಂದು ಪಟ್ಟಿ ಅಷ್ಟೇ. ಮೋಡವೋ ಅರೋರಾವೋ ತಿಳಿಯದಿದ್ದರೆ ಅದರ ಹಿಂದೆ ನಕ್ಷತ್ರ ಕಾಣುತ್ತದೆಯೇ ನೋಡಿ, ಇಲ್ಲವೇ ಕ್ಯಾಮೆರಾವನ್ನು ಐದು ಸೆಕೆಂಡು ತೆರೆದಿಟ್ಟು ನೋಡಿ. ಅರೋರಾ ಆಗಿದ್ದರೆ ಪರದೆಯಲ್ಲಿ ಹಸಿರು ಬರುತ್ತದೆ. ಅದೇ ಪಟ್ಟಿ ಪ್ರಬಲವಾದಾಗ ಕಣ್ಣಿಗೇ ಹಸಿರು, ಅಂಚಿನಲ್ಲಿ ಗುಲಾಬಿ ಕಾಣುತ್ತದೆ, ಅದರಲ್ಲಿ ಸಂಶಯ ಬೇಡ. ಆದರೆ ಫೋಟೊ ನೋಡಿ ಮನಸ್ಸಿನಲ್ಲಿ ಕಟ್ಟಿಕೊಂಡ ಬಣ್ಣವನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಒಳ್ಳೆಯದು.

ಟ್ರೊಮ್ಸೊ ಮತ್ತು ಅಬಿಸ್ಕೊ

ನಮ್ಮವರು ಹೆಚ್ಚಾಗಿ ಟಿಕೆಟ್ ತೆಗೆಯುವುದು ಟ್ರೊಮ್ಸೊಗೆ. ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿರುವ ದ್ವೀಪನಗರ ಅದು. ಬೆಚ್ಚಗಿನ ಸಾಗರ ಪ್ರವಾಹದ ಕೃಪೆಯಿಂದ ಜನವರಿಯಲ್ಲೂ ಸರಾಸರಿ ಉಷ್ಣಾಂಶ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ ಇರುತ್ತದೆ ಅಷ್ಟೇ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಇದು ಸಣ್ಣ ಮಾತಲ್ಲ. ಆದರೆ ಚಳಿಯನ್ನು ತಗ್ಗಿಸುವ ಆ ಸಮುದ್ರವೇ ಮೋಡವನ್ನೂ ಹಿಮವನ್ನೂ ಹೊತ್ತು ತರುತ್ತದೆ.

ಅದಕ್ಕೇ ಅಲ್ಲಿ ‘ಅರೋರಾ ಬೇಟೆ’ ಎಂಬ ವ್ಯಾಪಾರ ಬೆಳೆದಿದೆ. ಸಂಜೆ ಹೊರಡುವ ಮಿನಿಬಸ್ಸು ಮೋಡವಿಲ್ಲದ ಜಾಗ ಹುಡುಕಿಕೊಂಡು ಸ್ಕಿಬೋಟ್ನ್ ಕಣಿವೆಯ ಕಡೆಗೆ, ಬೇಕಾದರೆ ಫಿನ್ಲೆಂಡಿನ ಗಡಿ ದಾಟಿಯೂ ಹೋಗುತ್ತದೆ. ಒಳನಾಡು ಒಣಗಿರುವುದರಿಂದ ಈ ಉಪಾಯ ಬಹಳ ಸಲ ಫಲಿಸುತ್ತದೆ. ಮರಳುವುದು ನಸುಕಿನ ಹೊತ್ತಿಗೆ. ಮಕ್ಕಳು ಬಸ್ಸಿನಲ್ಲೇ ನಿದ್ದೆಹೋಗಿರುತ್ತಾರೆ, ಎಬ್ಬಿಸಿ ಮೈನಸ್ ಹದಿನೈದರಲ್ಲಿ ಇಳಿಸಿದರೆ ಅಳುತ್ತಾರೆ. ಚಾಲಕನೇ ಮಾರ್ಗದರ್ಶಿ, ಆತನೇ ಫೋಟೊಗ್ರಾಫರ್. ಪ್ರತಿಯೊಬ್ಬರನ್ನೂ ನಿಲ್ಲಿಸಿ ಹಿಂದೆ ಹಸಿರು ಬರುವಂತೆ ಫೋಟೊ ತೆಗೆದುಕೊಡುವುದರಲ್ಲೇ ಅವನ ಅರ್ಧ ರಾತ್ರಿ ಕಳೆದಿರುತ್ತದೆ. ನನಗೆ ಇದು ಸೇರುವುದಿಲ್ಲ. ಆಕಾಶಕ್ಕೆ ಬೆನ್ನು ಹಾಕಿ ನಿಲ್ಲಲು ಅಷ್ಟು ದೂರ ಹೋಗಬೇಕೇ? ಆದರೂ ಮೋಡದ ರಾತ್ರಿಯ ಪರೀಕ್ಷೆಯಲ್ಲಿ ಟ್ರೊಮ್ಸೊ ಪಾಸಾಗುತ್ತದೆ. ಬೇಟೆಗೆ ಹೋಗದಿದ್ದರೂ ಅದೊಂದು ವಿಶ್ವವಿದ್ಯಾಲಯದ ಊರು. ಮ್ಯೂಸಿಯಂ, ಸಂಗೀತ, ಹೋಟೆಲು, ಬೀದಿ ದೀಪದಡಿ ಹಿಮದಲ್ಲಿ ನಡೆದಾಡುವ ಜನ ಎಲ್ಲವೂ ಇದೆ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಆ ದಿನಗಳಲ್ಲಿ ನಡುಹಗಲಿಗೆ ಮೂಡುವ ನೀಲಿ ಸಂಜೆಬೆಳಕು ಕೂಡ ನೋಡತಕ್ಕದ್ದು.

ಸ್ವೀಡನ್ನಿನ ಅಬಿಸ್ಕೊ ಇದಕ್ಕೆ ತದ್ವಿರುದ್ಧ. ಪಶ್ಚಿಮದ ಪರ್ವತಗಳು ಅಟ್ಲಾಂಟಿಕ್‌ನ ತೇವವನ್ನೆಲ್ಲ ಮೊದಲೇ ಹಿಂಡಿಕೊಳ್ಳುತ್ತವೆ. ಸಹ್ಯಾದ್ರಿಯ ಮೇಲೆ ಆಗುಂಬೆ ನೆನೆಯುವಾಗ ಈಚೆ ಚಿತ್ರದುರ್ಗ ಒಣಗಿರುವ ಲೆಕ್ಕವೇ ಇಲ್ಲಿಯೂ. ಸುತ್ತ ಮೋಡವಿದ್ದರೂ ಟೋರ್ನೆಟ್ರೆಸ್ಕ್ ಸರೋವರದ ಮೇಲೆ ಆಕಾಶ ತೆರೆದಿರುವುದನ್ನು ಅಲ್ಲಿಯವರು ‘ನೀಲಿ ರಂಧ್ರ’ ಎನ್ನುತ್ತಾರೆ. ಸ್ಟಾಕ್‌ಹೋಮಿನಿಂದ ರಾತ್ರಿ ರೈಲು ಹತ್ತಿದರೆ ಮರುದಿನ ಅಬಿಸ್ಕೊ ನಿಲ್ದಾಣದಲ್ಲೇ ಇಳಿಯಬಹುದು. ಕಾರು ಬೇಡ, ಬೇಟೆಯ ಬಸ್ಸು ಬೇಡ. ಕೋಣೆಯಿಂದ ಸರೋವರದ ಕಡೆಗೆ ಹತ್ತು ನಿಮಿಷ ನಡೆದರೆ ಕತ್ತಲು. ನ್ಯೂಲ್ಯಾ ಬೆಟ್ಟದ ಮೇಲಿನ ವೀಕ್ಷಣಾ ಕೇಂದ್ರಕ್ಕೆ ಕುರ್ಚಿ-ಲಿಫ್ಟಿನಲ್ಲಿ ಹೋಗಬಹುದು. ಆದರೆ ಗಾಳಿ ಜೋರಾದರೆ ಲಿಫ್ಟ್ ನಿಲ್ಲುತ್ತದೆ, ಮತ್ತು ನಿಜ ಹೇಳಬೇಕೆಂದರೆ ಸರೋವರದ ದಂಡೆಯಿಂದ ಕಾಣುವುದಕ್ಕಿಂತ ಮೇಲಿನಿಂದ ಹೆಚ್ಚೇನೂ ಕಾಣುವುದಿಲ್ಲ.

ಮೋಡ ಬಂದರೆ ಅಬಿಸ್ಕೊದಲ್ಲಿ ಮಾಡಲು ಏನೂ ಇಲ್ಲ. ಪುಟ್ಟ ಹಳ್ಳಿ. ಹಾಸ್ಟೆಲಿನ ಸಾರ್ವಜನಿಕ ಅಡುಗೆಮನೆಯಲ್ಲಿ ಉಪ್ಪಿಟ್ಟು ಮಾಡಿಕೊಂಡು, ಪಕ್ಕದ ಮೇಜಿನವರಿಗೂ ಬಡಿಸಿ, ಕಿಟಕಿ ನೋಡುತ್ತ ಕೂರಬೇಕು. ಅದನ್ನು ಇಷ್ಟಪಡುವ ಜಾಯಮಾನದವರಿಗೆ ಅಬಿಸ್ಕೊಗಿಂತ ಒಳ್ಳೆಯ ಜಾಗವಿಲ್ಲ, ನನ್ನ ಓಟು ಅದಕ್ಕೇ. ಮದುವೆಯಾದ ಹೊಸತರಲ್ಲಿ ಸಂಗಾತಿಯನ್ನು ಒಪ್ಪಿಸಿ ಕರೆದೊಯ್ಯುತ್ತಿದ್ದರೆ ಟ್ರೊಮ್ಸೊ ಕ್ಷೇಮ. ಅಂದ ಹಾಗೆ, ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಧಾರಾಳವಾಗಿ ಒಯ್ಯಿರಿ. ತುಪ್ಪ, ಹಾಲಿನ ಪುಡಿ, ಪೇಡ ಬೇಡ. ಹಾಲಿನ ಪದಾರ್ಥಗಳನ್ನು ಭಾರತದಿಂದ ಒಯ್ಯಲು ಅಲ್ಲಿನ ಕಸ್ಟಮ್ಸ್ ನಿಯಮ ಬಿಡುವುದಿಲ್ಲ.

ಐಸ್‌ಲ್ಯಾಂಡ್ ಅರೋರಾಗೆಂದೇ ಹೋಗುವ ದೇಶವಲ್ಲ. ಜಲಪಾತ, ಬಿಸಿನೀರ ಬುಗ್ಗೆ, ಹಿಮನದಿಗೆಂದು ಹೋಗಿ, ಅರೋರಾ ಸಿಕ್ಕರೆ ಲಾಭವೆಂದುಕೊಳ್ಳಿ. ಅಲ್ಲಿನ ಹವೆ ಗಂಟೆಗೊಂದು ಬಣ್ಣ ತೋರಿಸುತ್ತದೆ. ಫಿನ್ಲೆಂಡಿನ ರೊವಾನಿಯೆಮಿ ಮಕ್ಕಳಿಗಾಗಿ, ಸಾಂಟಾ ತಾತನಿಗಾಗಿ. ಈ ನಾಲ್ಕೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು ಎನ್ನುವುದು ಬೆಂಗಳೂರಿನಿಂದ ಹೊರಡುವವರಿಗೆ ದೊಡ್ಡ ಅನುಕೂಲ.

ಫೇರ್‌ಬ್ಯಾಂಕ್ಸ್, ಯೆಲ್ಲೋನೈಫ್: ಚಳಿಗೆ ಸೈ ಎನ್ನುವವರಿಗೆ

ಅಮೆರಿಕ, ಕೆನಡಾದಲ್ಲೇ ನೆಲೆಸಿರುವವರು ಯೂರೋಪಿಗೆ ಹೋಗುವ ಅಗತ್ಯವಿಲ್ಲ. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಮತ್ತು ಕೆನಡಾದ ಯೆಲ್ಲೋನೈಫ್ ಎರಡೂ ಸಮುದ್ರದಿಂದ ದೂರ. ಗಾಳಿ ಒಣಗಿದ್ದು, ಮೋಡ ಟ್ರೊಮ್ಸೊಗಿಂತ ಕಡಿಮೆ. ಬೆಲೆ ತೆರಬೇಕಾದದ್ದು ಚಳಿಯಲ್ಲಿ. ಮೈನಸ್ ಮೂವತ್ತು ಎನ್ನುವುದು ಅಲ್ಲಿ ಸುದ್ದಿಯೇ ಅಲ್ಲ. ಹತ್ತಿಯ ಒಳಉಡುಪು ಬೆವರು ಹಿಡಿದು ಮೈಯನ್ನೇ ಹೆಪ್ಪುಗಟ್ಟಿಸುತ್ತದೆ, ಉಣ್ಣೆಯದ್ದೇ ಬೇಕು. ಬ್ಯಾಟರಿ ಅಂಗಿಯ ಒಳಜೇಬಿನಲ್ಲಿರಲಿ. ಕ್ಯಾಮೆರಾವನ್ನು ಕೋಣೆಯೊಳಗೆ ತರುವ ಮುನ್ನ ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಇಲ್ಲದಿದ್ದರೆ ಲೆನ್ಸಿನ ಮೇಲೆಲ್ಲ ನೀರು.

ಚಳಿ ಬೇಡವೆಂದರೆ ಸೆಪ್ಟೆಂಬರಿನಲ್ಲಿ ಹೋಗಿ. ಸರೋವರಗಳು ಹೆಪ್ಪುಗಟ್ಟಿರುವುದಿಲ್ಲ, ನೀರಿನಲ್ಲಿ ಪ್ರತಿಬಿಂಬವೂ ಸಿಗುತ್ತದೆ. ಹಗಲು ರಾತ್ರಿ ಸಮವಾಗುವ ಸೆಪ್ಟೆಂಬರ್ ಮತ್ತು ಮಾರ್ಚ್‌ನ ವಿಷುವದ ಆಸುಪಾಸಿನಲ್ಲಿ ಸೌರ ಮಾರುತದ ಕಾಂತಕ್ಷೇತ್ರಕ್ಕೂ ಭೂಮಿಯದಕ್ಕೂ ಕೊಂಡಿ ಸುಲಭವಾಗಿ ಬೀಳುವುದರಿಂದ ಅರೋರಾ ಚಟುವಟಿಕೆಯೂ ಹೆಚ್ಚು. ಡಿಸೆಂಬರ್ ರಜೆಯೇ ಅರೋರಾಗೆ ಸರಿಯಾದ ಕಾಲ ಎಂಬ ನಂಬಿಕೆ ಪ್ರವಾಸಿ ಕಂಪನಿಗಳು ಬೆಳೆಸಿದ್ದು.

ಇನ್ನೊಂದು ವ್ಯತ್ಯಾಸ ಗಡಿಯಾರದ್ದು. ಟ್ರೊಮ್ಸೊದಲ್ಲಿ ಕಾಂತೀಯ ಮಧ್ಯರಾತ್ರಿ, ಅಂದರೆ ಅರೋರಾ ಹೆಚ್ಚು ಚುರುಕಾಗಿರುವ ಹೊತ್ತು, ಬರುವುದು ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ. ಫೇರ್‌ಬ್ಯಾಂಕ್ಸ್‌ನಲ್ಲಿ ಮಧ್ಯರಾತ್ರಿ ಕಳೆದು ಒಂದೆರಡು ಗಂಟೆಯ ಮೇಲೆ. ಮಕ್ಕಳಿರುವ ಮನೆಯವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಯಾವ ಊರಾದರೂ ಕಾಯುವ ಬಗೆ ಒಂದೇ. ಮೊದಲು ದಿಗಂತದ ಮೇಲೆ ಒಂದು ಮಂಕು ಕಮಾನು ಮೂಡುತ್ತದೆ. ಅರ್ಧ ಗಂಟೆ, ಒಂದು ಗಂಟೆ ಹಾಗೆಯೇ ನಿಂತಿರುತ್ತದೆ. ‘ಇಷ್ಟೇನಾ’ ಎಂದು ಅರ್ಧ ಜನ ಕಾಫಿಗೆ ಒಳಗೆ ಹೋಗುತ್ತಾರೆ. ಆಮೇಲೆ ಕಮಾನಿನ ಕೆಳ ಅಂಚು ಚುರುಕಾಗುತ್ತದೆ, ಒಂದು ತುದಿಯಲ್ಲಿ ಮಡಿಕೆ ಬೀಳುತ್ತದೆ, ಆ ಮಡಿಕೆ ಇನ್ನೊಂದು ತುದಿಗೆ ಓಡುತ್ತದೆ. ಅಲ್ಲಿಂದ ಎರಡು ಮೂರು ನಿಮಿಷದೊಳಗೆ ಇಡೀ ಆಕಾಶ ಬಿಚ್ಚಿಕೊಂಡಿರುತ್ತದೆ. ನೆತ್ತಿಯ ಬಳಿ ಎಲ್ಲ ಗೆರೆಗಳೂ ಒಂದು ಬಿಂದುವಿನಿಂದ ಚಿಮ್ಮಿದಂತೆ ಕಾಣುತ್ತದೆ, ನೆಲದ ಹಿಮ ಹಸಿರಾಗುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಎಲ್ಲ ಮುಗಿದು, ಚದುರಿದ ತೇಪೆಗಳು ಕೆಲವು ಸೆಕೆಂಡಿಗೊಮ್ಮೆ ಹೊತ್ತಿ ಆರುತ್ತಿರುತ್ತವೆ. ಈ ತೇಪೆಗಳನ್ನು ಮೋಡವೆಂದು ತಿಳಿದು ಎಷ್ಟೋ ಮಂದಿ ಮಲಗಲು ಹೋಗಿಬಿಡುತ್ತಾರೆ. ಇನ್ನೊಂದು ಸುತ್ತು ಇದೆಯೋ ಇಲ್ಲವೋ ಎಂದು ಹೇಳಬಲ್ಲವರು ಪಕ್ಕದಲ್ಲಿದ್ದರೆ ಅದರ ಬೆಲೆ ಹೋಟೆಲಿನ ಗಾಜಿನ ಛಾವಣಿಗಿಂತ ಹೆಚ್ಚು.

ಸ್ಟಾರ್ ಪಾರ್ಟಿಗಳು

ಆ ಪಕ್ಕದವರು ಸಿಗುವುದು ಹವ್ಯಾಸಿಗಳ ಕೂಟದಲ್ಲಿ. ‘ಪಾರ್ಟಿ’ ಎಂಬುದನ್ನು ಕೇಳಿ ಹಾಡು ಕುಣಿತ ಎಂದುಕೊಳ್ಳಬೇಡಿ. ಅಮಾವಾಸ್ಯೆಯ ವಾರ, ಊರಿನ ಬೆಳಕಿಲ್ಲದ ಬಯಲು, ಡೇರೆಗಳು, ನೂರಾರು ದೂರದರ್ಶಕಗಳು. ಕತ್ತಲಾದ ಮೇಲೆ ಬಿಳಿ ದೀಪಕ್ಕೆ ನಿಷೇಧ, ಕೆಂಪು ಟಾರ್ಚು ಮಾತ್ರ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅದನ್ನು ಒಂದು ಮೊಬೈಲ್ ಪರದೆ ಕ್ಷಣದಲ್ಲಿ ಹಾಳುಗೆಡವುತ್ತದೆ. ಹಾಗಾಗಿ ಸಂಜೆಯೊಳಗೇ ತಲುಪಿ, ಕಾರಿನ ಮುಖವನ್ನು ಹೊರಹೋಗುವ ದಾರಿಯ ಕಡೆ ತಿರುಗಿಸಿ ನಿಲ್ಲಿಸಿ, ಬಾಗಿಲು ತೆರೆದಾಗ ಹೊತ್ತುವ ಒಳದೀಪವನ್ನೂ ಆರಿಸಿಡಿ.

ಈ ಪರಂಪರೆಯ ಹಿರಿಯಣ್ಣ ಅಮೆರಿಕದ ವರ್ಮಾಂಟ್ ರಾಜ್ಯದ ಸ್ಟೆಲಾಫೇನ್. ಸ್ಪ್ರಿಂಗ್‌ಫೀಲ್ಡ್ ಊರಿನ ಬ್ರೀಝಿ ಹಿಲ್ ಮೇಲೆ 1926ರಿಂದ ನಡೆದುಬಂದಿರುವ ಬೇಸಿಗೆಯ ಸಮಾವೇಶ ಅದು. ರಸೆಲ್ ಪೋರ್ಟರ್ ಎಂಬಾತ ಊರಿನ ಯಂತ್ರ ಕಾರ್ಮಿಕರಿಗೆ ಗಾಜು ಉಜ್ಜಿ ದರ್ಪಣ ಮಾಡುವುದನ್ನು ಕಲಿಸಿದ್ದರಿಂದ ಇದೆಲ್ಲ ಹುಟ್ಟಿತು. ಇಂದಿಗೂ ಅಲ್ಲಿ ಗೌರವ ಇರುವುದು ಸ್ವಂತ ಕೈಯಿಂದ ಮಾಡಿದ ದೂರದರ್ಶಕಕ್ಕೆ. ಮೂರು ಲಕ್ಷದ ಉಪಕರಣ ತಂದವನ ಮುಂದೆ ಯಾರೂ ನಿಲ್ಲುವುದಿಲ್ಲ, ಮರದ ಪೆಟ್ಟಿಗೆಯಲ್ಲಿ ತಾನೇ ಉಜ್ಜಿದ ದರ್ಪಣ ಕೂರಿಸಿಕೊಂಡು ಬಂದವನ ಮುಂದೆ ಸಾಲು. ಮೋಡ ಬಂದರೂ ಉಪನ್ಯಾಸ, ದರ್ಪಣ ಉಜ್ಜುವ ಪ್ರಾತ್ಯಕ್ಷಿಕೆ, ಹಳೆಯ ಐಪೀಸುಗಳ (ಕಣ್ಣಿಟ್ಟು ನೋಡುವ ಮಸೂರಗಳ) ಕೊಡುಕೊಳ್ಳುವಿಕೆ ನಡೆಯುತ್ತಲೇ ಇರುತ್ತದೆ. ನನ್ನ ಪರೀಕ್ಷೆಯಲ್ಲಿ ಇದಕ್ಕೆ ಮೊದಲ ದರ್ಜೆ.

ಆದರೆ ಅರೋರಾ? ವರ್ಮಾಂಟಿನಲ್ಲಿ ದೊಡ್ಡ ಬಿರುಗಾಳಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಹಾಕಬೇಕೆನ್ನುವವರಿಗೆ ಕೆನಡಾದ ಸೈಪ್ರೆಸ್ ಹಿಲ್ಸ್‌ನಲ್ಲಿ ಆಗಸ್ಟ್ ತಿಂಗಳು ನಡೆಯುವ ಸಸ್ಕಾಚೆವನ್ ಬೇಸಿಗೆ ಸ್ಟಾರ್ ಪಾರ್ಟಿಯನ್ನು ಹೇಳುತ್ತೇನೆ. ಬ್ರಿಟನ್ನಿನಲ್ಲಿರುವವರು ನಾರ್ತಂಬರ್ಲೆಂಡಿನ ಕೀಲ್ಡರ್ ಕಾಡಿನಲ್ಲಿ ಸೇರುವ ಶಿಬಿರವನ್ನು ನೋಡಬಹುದು. ಎರಡೂ ಕಡೆ ಅರೋರಾ ಸಿಗುವುದು ಖಾತ್ರಿಯಲ್ಲ, ಆದರೆ ಸಿಗುವ ಸಾಧ್ಯತೆಯಿಲ್ಲ ಎನ್ನುವಂತೆಯೂ ಇಲ್ಲ. ಟೆಕ್ಸಾಸಿನ ಫೋರ್ಟ್ ಡೇವಿಸ್ ಬಳಿಯ ಟೆಕ್ಸಾಸ್ ಸ್ಟಾರ್ ಪಾರ್ಟಿ ಬಹಳ ಹೆಸರಾದದ್ದೇ. ಆದರೆ ಅಮೆರಿಕದವರು ಅಲ್ಲಿಗೆ ಹೋಗಿ ದಿಗಂತದ ಬಳಿ ಹುಡುಕುವ ಒಮೇಗಾ ಸೆಂಟಾರಿ ನಕ್ಷತ್ರಗುಚ್ಛ ನಮ್ಮ ಚಾಮರಾಜನಗರದಲ್ಲಿ ಮೇ ತಿಂಗಳು ದಿಗಂತದಿಂದ ಸುಮಾರು ಮೂವತ್ತು ಡಿಗ್ರಿ ಮೇಲೇರಿ ನಿಂತಿರುತ್ತದೆ. ಊರಿನಲ್ಲಿ ಬಿಟ್ಟಿ ಸಿಗುವುದಕ್ಕೆ ಅಲ್ಲಿಗೇಕೆ?

ಅರೋರಾಪ್ರಿಯರಿಗೂ ದೂರದರ್ಶಕದವರಿಗೂ ಒಂದು ಹಳೆಯ ಜಗಳವಿದೆ, ಅದನ್ನು ತಿಳಿದೇ ಹೋಗಿ. ದೂರದ ಗ್ಯಾಲಕ್ಸಿ, ನೀಹಾರಿಕೆಗಳನ್ನು ನೋಡಲು ಬಂದವರಿಗೆ ಆಕಾಶ ಕಪ್ಪಾಗಿರಬೇಕು. ಅರೋರಾ ಅವರ ಪಾಲಿಗೆ ಬೆಳಕಿನ ಮಾಲಿನ್ಯ. ಕೆನಡಾದ ಒಂದು ಕೂಟದಲ್ಲಿ ನಾನು ಏಣಿ ಹತ್ತಿ, ಹದಿನೆಂಟು ಇಂಚಿನ ಡಾಬ್ಸೋನಿಯನ್ ದೂರದರ್ಶಕದಲ್ಲಿ ಹಂಸ ರಾಶಿಯ ವೇಲ್ ನೀಹಾರಿಕೆಯನ್ನು ನೋಡುತ್ತಿದ್ದೆ. ನೀಹಾರಿಕೆಯ ಬೆಳಕನ್ನು ಎತ್ತಿ ತೋರಿಸುವ ಓ-ತ್ರೀ ಫಿಲ್ಟರ್ ಹಾಕಿದ ಐಪೀಸಿನಲ್ಲಿ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಹೊರಗಿನ ಕತ್ತಲೆಯವರೆಗೂ ಹರಡಿದ್ದವು. ಅಷ್ಟರಲ್ಲಿ ಬಯಲಿನ ಆ ತುದಿಯಿಂದ ಯಾರೋ ‘ಉತ್ತರ! ಉತ್ತರ!’ ಎಂದು ಕೂಗಿದರು. ನೂರು ತಲೆ ಒಟ್ಟಿಗೆ ತಿರುಗಿದವು. ದೂರದರ್ಶಕದ ಯಜಮಾನ ಮಾತ್ರ ಏಣಿ ಹಿಡಿದುಕೊಂಡೇ, ಗಂಟೆಗಟ್ಟಲೆ ಕೂಡಿಸಬೇಕಿದ್ದ ಫೋಟೊ ಹೋಯಿತಲ್ಲ ಎಂದು ಪಕ್ಕದ ಡೇರೆಯವನ ಮುಂದೆ ಅರೋರಾವನ್ನು ಶಪಿಸುತ್ತಿದ್ದ. ಶಪಿಸಿ ಮುಗಿದ ಮೇಲೆ ತಾನೂ ಕುರ್ಚಿಯನ್ನು ಉತ್ತರಕ್ಕೆ ತಿರುಗಿಸಿಕೊಂಡು ಕುಳಿತ.

ಇಂತಹ ಕೂಟಗಳ ಬಲ ಏನು ಎಂಬುದಕ್ಕೆ ಕೆನಡಾದಲ್ಲೇ ಉದಾಹರಣೆಯಿದೆ. ‘ಆಲ್ಬರ್ಟಾ ಅರೋರಾ ಚೇಸರ್ಸ್’ ಎಂಬ ಹವ್ಯಾಸಿಗಳ ಗುಂಪು ತಮ್ಮ ಫೋಟೊಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ನೇರಳೆ ಬಣ್ಣದ ಒಂದು ಕಿರಿದಾದ ಗೆರೆಯನ್ನು ವಿಜ್ಞಾನಿಗಳಿಗೆ ತೋರಿಸಿತು. ಅದು ಗೊತ್ತಿರುವ ಯಾವ ಬಗೆಯ ಅರೋರಾಕ್ಕೂ ಹೊಂದಲಿಲ್ಲ. ಹವ್ಯಾಸಿಗಳು ತಮಾಷೆಗೆ ಇಟ್ಟ ‘ಸ್ಟೀವ್’ ಎಂಬ ಹೆಸರೇ ಉಳಿಯಿತು. ಯೂರೋಪಿನ ಸ್ವಾರ್ಮ್ ಉಪಗ್ರಹ ಆ ಗೆರೆಯ ಮೂಲಕ ಹಾದುಹೋದಾಗ ಸುಮಾರು 25 ಕಿ.ಮೀ. ಅಗಲದ ಬಿಸಿ ಅನಿಲದ ಹರಿವು ಪಶ್ಚಿಮದ ಕಡೆ ಸೆಕೆಂಡಿಗೆ ಆರು ಕಿ.ಮೀ. ವೇಗದಲ್ಲಿ ಓಡುತ್ತಿದ್ದುದು ತಿಳಿಯಿತು. 2018ರಲ್ಲಿ ಸಂಶೋಧನಾ ಪ್ರಬಂಧ ಬಂತು. ಫಿನ್ಲೆಂಡಿನ ಹವ್ಯಾಸಿಗಳೂ ಹೀಗೆಯೇ ಮರಳುದಿಣ್ಣೆಗಳಂತಹ ಅರೋರಾ ಬಗೆಯೊಂದನ್ನು ಗುರುತಿಸಿದರು, ಅದರ ಪ್ರಬಂಧ 2020ರದ್ದು. ಮಿನಿಬಸ್ಸಿನ ಸೆಲ್ಫಿಯಿಂದ ಇದು ಆಗುವಂಥದ್ದಲ್ಲ.

ಹೊಸಬರಿಗೆ ಸಂಕೋಚ ಬೇಡ. ಕತ್ತಲಲ್ಲಿ ಯಾರ ಬಳಿಗಾದರೂ ಹೋಗಿ ‘ಏನು ನೋಡುತ್ತಿದ್ದೀರಿ?’ ಎಂದರೆ ಅಲ್ಲಿ ಅದೇ ನಮಸ್ಕಾರ. ಕೊಳವೆಯನ್ನು ಕೈಯಿಂದ ಹಿಡಿದುಕೊಳ್ಳಬೇಡಿ, ಐಪೀಸಿನ ಹತ್ತಿರ ಕಣ್ಣು ಮಾತ್ರ ತನ್ನಿ. ಏನೂ ಕಾಣದಿದ್ದರೆ ಕಂಡಿತು ಎಂದು ಸುಳ್ಳು ಹೇಳಬೇಡಿ. ಕಾಣಲಿಲ್ಲ ಎಂದರೆ ಯಾರೂ ಬೇಸರಿಸುವುದಿಲ್ಲ, ಫೋಕಸ್ ಸರಿಮಾಡಿ ಇನ್ನೊಮ್ಮೆ ತೋರಿಸುತ್ತಾರೆ. ಆಕಾಶ ನೋಡಲೆಂದೇ ಮಕ್ಕಳನ್ನು ಕರೆದೊಯ್ಯಲು ಧೈರ್ಯವಾಗಿ ಹೇಳಬಹುದಾದ ಆಯ್ಕೆ ನನ್ನ ಪ್ರಕಾರ ಇದೊಂದೇ.

ಹಾನ್ಲೆ

ಲಡಾಖ್‌ನ ಹಾನ್ಲೆಯಲ್ಲಿ ಅರೋರಾ ಕಂಡಿತು ಎಂಬ ಸುದ್ದಿ 2024ರ ಮೇ ತಿಂಗಳಲ್ಲಿ ಬಂತು, ಅಕ್ಟೋಬರಿನಲ್ಲಿ ಮತ್ತೆ ಬಂತು. ಸುದ್ದಿ ನಿಜ. ಕೋರಮಂಗಲದಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಪೂರ್ಣಾಕಾಶ ಕ್ಯಾಮೆರಾಗಳು ಉತ್ತರ ದಿಗಂತದಲ್ಲಿ ಕೆಂಪು ಹೊಳಪನ್ನು ಹಿಡಿದವು. ಆದರೆ ಅದು ಹೆಚ್ಚಾಗಿ ಕ್ಯಾಮೆರಾದ ಅರೋರಾ, ಕುಣಿಯುವಂಥದ್ದಲ್ಲ. ನಮ್ಮ ದೇಶದಲ್ಲಿ ಇದು ತೀರಾ ಹೊಸತೂ ಅಲ್ಲ. 1872ರ ಫೆಬ್ರುವರಿ 4ರ ಮಹಾ ಬಿರುಗಾಳಿಯಲ್ಲಿ ಮುಂಬಯಿಯಲ್ಲೂ ಅರೋರಾ ಕಂಡ ದಾಖಲೆಯಿದೆ. ಅಂತಹ ರಾತ್ರಿಯನ್ನು ನಂಬಿ ರಜೆ ಹಾಕಲು ಆಗುವುದಿಲ್ಲ.

ಹಾನ್ಲೆಗೆ ಹೋಗಬೇಕಾದದ್ದು ಅದರ ಕತ್ತಲೆಗಾಗಿ. 2022ರ ಡಿಸೆಂಬರಿನಲ್ಲಿ ಅದನ್ನು ಕತ್ತಲಾಕಾಶದ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಹಳ್ಳಿಯವರಿಗೇ ದೂರದರ್ಶಕ ಕೊಟ್ಟು ಆಕಾಶ ತೋರಿಸುವ ತರಬೇತಿ ನೀಡಿದ್ದಾರೆ. ನೀವು ಉಳಿಯುವ ಮನೆಯ ಹೆಣ್ಣುಮಗಳೇ ಊಟ ಬಡಿಸಿ, ಕೈ ಒರೆಸಿಕೊಂಡು ಬಂದು ಶನಿಯ ಉಂಗುರವನ್ನು ತೋರಿಸಬಹುದು. ಖಭೌತ ಸಂಸ್ಥೆ 2023ರಿಂದ ಅಲ್ಲಿ ಹವ್ಯಾಸಿಗಳಿಗಾಗಿ ಸ್ಟಾರ್ ಪಾರ್ಟಿಯನ್ನೂ ನಡೆಸುತ್ತಿದೆ. ಅದು ಅರ್ಜಿ ಹಾಕಿ ಆಯ್ಕೆಯಾದವರಿಗೆ. ಸ್ವಂತ ಉಪಕರಣ ನಡೆಸಿ ರೂಢಿಯಿರುವವರಿಗೆ ಹೇಳಿ ಮಾಡಿಸಿದ್ದು. ಅಲ್ಲಿನ ಎರಡು ಮೀಟರಿನ ಚಂದ್ರಾ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ ಎಂಬುದು ನಮ್ಮಲ್ಲೇ ಬಹಳ ಮಂದಿಗೆ ಗೊತ್ತಿಲ್ಲ.

ಹಾನ್ಲೆಯ ಕಷ್ಟ ಚಳಿಗಿಂತ ತೆಳು ಗಾಳಿಯದ್ದು. ಲೇಹ್‌ನಲ್ಲಿ ಕನಿಷ್ಠ ಎರಡು ದಿನ ಸುಮ್ಮನೆ ಬಿದ್ದುಕೊಂಡು ಮೈಯನ್ನು ಎತ್ತರಕ್ಕೆ ಒಗ್ಗಿಸದೆ ಮೇಲೆ ಹೋಗಬಾರದು. ಹೃದಯ, ಶ್ವಾಸಕೋಶದ ತೊಂದರೆ ಇರುವ ಹಿರಿಯರಿಗೆ ಟ್ರೊಮ್ಸೊ ಹಾನ್ಲೆಗಿಂತ ಸುಲಭ ಎಂದರೆ ಜನ ನಂಬುವುದಿಲ್ಲ, ಆದರೆ ಅದು ನಿಜ. ಗಡಿಯ ಪಕ್ಕದ ಪ್ರದೇಶವಾದ್ದರಿಂದ ಅನುಮತಿ ಪತ್ರವನ್ನು ಲೇಹ್ ಬಿಡುವ ಮೊದಲೇ ಕೈಯಲ್ಲಿ ಇಟ್ಟುಕೊಳ್ಳಿ.

ಈ ವರ್ಷವೇ ಹೋಗಬೇಕೇ?

ಸೂರ್ಯನ ಚಟುವಟಿಕೆ ಸುಮಾರು ಹನ್ನೊಂದು ವರ್ಷದ ಚಕ್ರದಲ್ಲಿ ಏರಿ ಇಳಿಯುತ್ತದೆ. ಅದರ 25ನೇ ಚಕ್ರ 2019ರ ಡಿಸೆಂಬರಿನಲ್ಲಿ ಆರಂಭವಾಗಿ, 2024ರ ಅಕ್ಟೋಬರಿನಲ್ಲಿ ಗರಿಷ್ಠ ಹಂತದಲ್ಲಿದೆ ಎಂದು ಘೋಷಣೆಯಾಯಿತು. ‘ಈಗ ಬಿಟ್ಟರೆ ಹನ್ನೊಂದು ವರ್ಷ ಕಾಯಬೇಕು’ ಎಂದು ಹೆದರಿಸಿ ಟಿಕೆಟ್ ಮಾರುವವರಿದ್ದಾರೆ. ಟ್ರೊಮ್ಸೊ, ಅಬಿಸ್ಕೊ, ಫೇರ್‌ಬ್ಯಾಂಕ್ಸ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಉಂಗುರದ ಅಡಿಯಲ್ಲಿರುವ ಊರಿಗೆ ಸೂರ್ಯ ಮಂಕಾಗಿದ್ದಾಗಲೂ ಅರೋರಾ ಬರುತ್ತದೆ. ಚಕ್ರ ಇಳಿಯುವ ವರ್ಷಗಳಲ್ಲಿ ಸೂರ್ಯನ ಹೊರ ವಾತಾವರಣವಾದ ಕಿರೀಟದ (ಕೊರೋನಾ) ರಂಧ್ರಗಳಿಂದ ವೇಗದ ಮಾರುತ ಬೀಸುತ್ತದೆ. ಸೂರ್ಯ ಸುಮಾರು 27 ದಿನಕ್ಕೊಮ್ಮೆ ತಿರುಗುವುದರಿಂದ ಅದೇ ಮಾರುತ ಮತ್ತೆ ನಮ್ಮ ಕಡೆ ಮುಖ ಮಾಡುತ್ತದೆ. ಕಳೆದ ತಿಂಗಳು ಯಾವ ರಾತ್ರಿ ಒಳ್ಳೆಯ ಅರೋರಾ ಬಂದಿತ್ತೋ ಅದಕ್ಕೆ 27 ಕೂಡಿಸಿ ನೋಡಿ, ಮೂರು ದಿನದ ಮುನ್ಸೂಚನೆಗಿಂತ ಮೊದಲೇ ಒಂದು ಅಂದಾಜು ಸಿಗುತ್ತದೆ. ಅವಸರ ಇರುವುದು ಸೈಪ್ರೆಸ್ ಹಿಲ್ಸ್, ಕೀಲ್ಡರ್‌ನಂತಹ ಕೆಳಗಿನ ಅಕ್ಷಾಂಶದ ಕೂಟಗಳಲ್ಲಿ ಅರೋರಾ ಬಯಸುವವರಿಗೆ. ಅಂತಹ ದೊಡ್ಡ ಬಿರುಗಾಳಿಗಳು ಗರಿಷ್ಠದ ಸುತ್ತಲಿನ ಕೆಲವು ವರ್ಷಗಳಲ್ಲೇ ಹೆಚ್ಚು.

ಹಣ, ವೀಸಾ, ರಜೆ ಮೂರೂ ಕೂಡಿಬರಲು ಸಮಯವಿದೆಯಾದರೆ, ಅಷ್ಟರಲ್ಲಿ ಊರಿನಲ್ಲೇ ಆಕಾಶದ ಪರಿಚಯ ಮಾಡಿಕೊಳ್ಳಿ. ಬೆಂಗಳೂರಿನಲ್ಲೂ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲೂ ಹವ್ಯಾಸಿಗಳ ಸಂಘಗಳಿವೆ. ಅವರ ಜೊತೆ ಬೇಸಿಗೆಯ ಒಂದು ಅಮಾವಾಸ್ಯೆ ಕಳೆದು ಸಪ್ತರ್ಷಿ, ಧ್ರುವ, ಅಭಿಜಿತ್ ನಕ್ಷತ್ರಗಳನ್ನು ನಕ್ಷೆಯಿಲ್ಲದೆ ಗುರುತಿಸಲು ಕಲಿತರೂ ಸಾಕು. ಅಬಿಸ್ಕೊದಲ್ಲಿ ಧ್ರುವ ನಕ್ಷತ್ರ ನೆತ್ತಿಯ ಹತ್ತಿರ ಇರುತ್ತದೆ, ಬೆಂಗಳೂರಿನಲ್ಲಿ ದಿಗಂತದಿಂದ ಹದಿಮೂರು ಡಿಗ್ರಿ ಮೇಲೆ ಅಷ್ಟೇ. ಮೊದಲ ಮಂಕು ಕಮಾನು ಯಾವ ನಕ್ಷತ್ರದ ಕೆಳಗೆ ಮೂಡಿತು, ಈಗ ಎಲ್ಲಿಗೆ ಬಂದಿದೆ ಎಂದು ಅಳೆಯಲು ಬಂದರೆ, ಕಾಫಿಗೆ ಒಳಗೆ ಹೋಗುವ ಅರ್ಧ ಜನರಲ್ಲಿ ನೀವು ಇರುವುದಿಲ್ಲ.